ಆ ದೇಶದಲ್ಲಿ ಇಲ್ಲದ ಪದ್ಧತಿ

ನಿಟ್ಟುವಳ್ಳಿ, ದಾವಣಗೆರೆ
20 ನವೆಂಬರ್ 2025, ಗುರುವಾರ

ಹರಿಹರದ ಬೀಗಿತ್ತಿ ಕೊಟ್ರಮ್ಮನವರಿಗೆ ಅನ್ನಪೂರ್ಣಮ್ಮ ಮಾಡುವ ಶರಣು ಶರಣಾರ್ಥಿಗಳು.

ಮೊನ್ನೆ ಮಂಗಳವಾರ ನಿಮ್ಮ ಮನೆಗೆ ಬಂದು ಮಧ್ಯಾಹ್ನವೆಲ್ಲ ಕೂತು, ಮಂಡಕ್ಕಿ ಮೆಣಸಿನಕಾಯಿ ತಿಂದು, ಎರಡು ಸಲ ಚಹಾ ಕುಡಿದು, ಕುಂಕುಮ ಹಚ್ಚಿಸಿಕೊಂಡು ಹೋದವಳು ಈಗ ಕಾಗದ ಯಾಕೆ ಬರೆಯುತ್ತಿದ್ದಾಳೆ ಎಂದು ನಿಮಗೆ ಆಶ್ಚರ್ಯವಾಗಬಹುದು. ನನಗೂ ಆಗಿದೆ. ಹೇಳಬೇಕೆಂದು ಬಂದ ಒಂದೇ ಒಂದು ಮಾತನ್ನು ಬಿಟ್ಟು ಉಳಿದದ್ದೆಲ್ಲ ಹೇಳಿ ಬಸ್ ಹತ್ತಿದೆ. ಬಸ್ಸು ಬಾತಿ ಊರು ದಾಟುವಾಗ ಇಳಿದು ವಾಪಸ್ ಬರಲೇ ಎಂದುಕೊಂಡೆ. ಇಳಿಯಲಿಲ್ಲ. ಇಳಿದು ಬಂದಿದ್ದರೆ ಮತ್ತೆ ಮಂಡಕ್ಕಿ ಕಲಸುತ್ತಿದ್ದಿರಿ, ಮತ್ತೆ ಎಲ್ಲರೂ ಪಡಸಾಲೆಯಲ್ಲಿ ಬಂದು ಕೂಡುತ್ತಿದ್ದರು, ನಾನು ಮತ್ತೆ ಏನೇನೋ ಹೇಳುತ್ತಿದ್ದೆ.

ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಮನೆಯಲ್ಲಿ ಸ್ಪೀಕರ್ ಹಾಕಿಯೇ ಮಾತಾಡುವ ರೂಢಿ. ವಾಟ್ಸ್ಯಾಪ್ ಕಳಿಸಿದರೆ ನಿಮ್ಮ ಹಿರೀ ಸೊಸೆ ವಾಣಿ ಗಟ್ಟಿಯಾಗಿ ಓದಿ ಹೇಳುತ್ತಾಳೆ. ತಪ್ಪೇನಿಲ್ಲ, ತುಂಬಿದ ಮನೆ. ಅದಕ್ಕೇ ನಿಮ್ಮ ಸ್ಟೀಲ್ ಡಬ್ಬಿ ವಾಪಸ್ ಕಳಿಸುವ ನೆಪ ಹುಡುಕಿಕೊಂಡೆ. ಖಾಲಿ ಡಬ್ಬಿ ಕಳಿಸಬಾರದೆಂದು ಒಗ್ಗರಣೆ ಮಂಡಕ್ಕಿ ತುಂಬಿದ್ದೇನೆ. ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ತಳದಲ್ಲಿ ಇಡಬೇಕೆಂದಿದ್ದೇನೆ. ಡಬ್ಬಿಯ ಮುಚ್ಚಳ ವಾಣಿಯೇ ಮೊದಲು ತೆಗೆದರೆ ಏನು ಗತಿ ಎಂಬುದು ಈಗ, ಬರೆಯುವಾಗ, ಹೊಳೆಯುತ್ತಿದೆ. ಎದುರು ಮನೆಯ ಗಿಡ್ಡಪ್ಪ ದಿನಾ ಹರಿಹರಕ್ಕೆ ಕೆಲಸಕ್ಕೆ ಹೋಗುತ್ತಾನೆ. ಡಬ್ಬಿಯನ್ನು ನಿಮ್ಮ ಕೈಗೇ ಕೊಡು, ಬೇರೆ ಯಾರ ಕೈಗೂ ಬೇಡ ಎಂದು ಅವನಿಗೆ ಹೇಳುತ್ತೇನೆ. ಹಾಗೆ ಹೇಳಿದರೆ ಡಬ್ಬಿಯಲ್ಲಿ ಬಂಗಾರ ಇದೆ ಎಂದುಕೊಳ್ಳುತ್ತಾನೋ ಏನೋ.

ವಿಷಯ ನನ್ನ ಮಗಳು, ನಿಮ್ಮ ಕಿರೀ ಸೊಸೆ ಕೃತಿಕಾಳದು. ಮಗುವಿನದೂ ಹೌದು. ಮೂರು ತಿಂಗಳ ವೀಸಾದೊಂದಿಗೆ ನನ್ನ ಪಾಳಿ ಮುಗಿಯಿತು. ಬರುವ ಬುಧವಾರ ನೀವು ವಿಮಾನ ಹತ್ತಿದರೆ ನಿಮ್ಮ ಪಾಳಿ ಶುರು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಲಿಲ್ಲವೆಂದು ನಿಮಗೆ ಬೇಸರವಿತ್ತು. ಈಗಿನ ಮಕ್ಕಳ ಕಾಲದಲ್ಲಿ ತವರೇ ವಿಮಾನ ಹತ್ತಿ ಹೋಗಬೇಕಾಯಿತು. ನೀವು ಆ ಮನೆಯೊಳಗೆ ಕಾಲಿಡುವ ಮೊದಲು ನಿಮಗೊಂದು ಸಂಗತಿ ಗೊತ್ತಿರಲೇಬೇಕು. ಆದರೆ ಅದನ್ನು ಯಾರಿಗೂ, ಅದರಲ್ಲೂ ಅತ್ತೆಗೆ, ಹೇಳಬಾರದೆಂದು ಮಗಳು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಈ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡು ನಾನು ಮೊನ್ನೆ ಏನು ಮಾಡಿದೆನೆಂದು ನೀವೇ ನೋಡಿದಿರಿ. ಬಹ್ರೇನ್ ದೇಶದ ವರ್ಣನೆ ಮಾಡಿದೆ.

ಶುರು ಮಾಡಿದವರು ಬೀಗರು ಉಜ್ಜನಪ್ಪನವರು. "ಇದ್ದು ಬಂದೀರಿ, ಹೆಂಗೈತ್ರಿ ಆ ದೇಶ? ನಮ್ಮಾಕಿ ಮೊದ್ಲೇ ಗಾಬ್ರಿ ಮನುಷ್ಯಾಳು, ಸ್ವಲ್ಪ ತಿಳಿಸಿ ಹೇಳ್ರಿ" ಎಂದರು. ನಾನು ಕಂಡದ್ದನ್ನೂ ಹೇಳಿದೆ, ಕಾಣದ್ದನ್ನೂ ಹೇಳಿದೆ. ಸಮುದ್ರದ ನಡುವೆ ಅಂಗೈಯಷ್ಟು ದೇಶ, ಸುತ್ತ ಸಣ್ಣಪುಟ್ಟ ದ್ವೀಪಗಳು, ದೊಡ್ಡ ದ್ವೀಪದ ಈ ತುದಿಯಿಂದ ಆ ತುದಿಗೆ ದಾವಣಗೆರೆಯಿಂದ ಚಿತ್ರದುರ್ಗದಷ್ಟೂ ದೂರವಿಲ್ಲ, ತಿಂಡಿ ತಿಂದು ಹೊರಟರೆ ಊಟದ ಹೊತ್ತಿಗೆ ದೇಶವೇ ಮುಗಿದುಹೋಗುತ್ತದೆ ಎಂದೆ. ರಾಜರ ಆಳ್ವಿಕೆ, ಮನಾಮ ರಾಜಧಾನಿ, ಸಮುದ್ರದ ಮೇಲೆ ಸೌದಿಗೆ ಹೋಗುವ ಉದ್ದನೆಯ ಸೇತುವೆ. ಅಂಗಡಿಯಲ್ಲಿ ಅರಬ್ಬಿ ಬರಬೇಕೆಂದಿಲ್ಲ, ಹರಕು ಹಿಂದಿ ಸಾಕು. ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಭಾನುವಾರ ಬೆಳಿಗ್ಗೆ ಎಲ್ಲರೂ ಗಡಿಬಿಡಿಯಿಂದ ಕೆಲಸಕ್ಕೆ ಓಡುತ್ತಾರೆ. ಅದನ್ನು ನೋಡಿ ಇವತ್ತು ಸೋಮವಾರವೆಂದುಕೊಂಡು ನಾನು ಒಪ್ಪತ್ತು ಮಾಡಿದೆ. ಮರುದಿನ ನಿಜವಾದ ಸೋಮವಾರ ಬಂದಾಗ ಮಂಗಳವಾರವೆಂದು ಎರಡು ಹೊತ್ತೂ ಉಂಡೆ. ಇದನ್ನು ಹೇಳಿದಾಗ ನೀವೂ ನಕ್ಕಿರಿ.

ಬಹ್ರೇನ್ ಎಂದರೆ ಎರಡು ಸಮುದ್ರ ಎಂದರ್ಥವಂತೆ. ಉಪ್ಪು ಸಮುದ್ರದ ತಳದಲ್ಲಿ ಸಿಹಿನೀರಿನ ಬುಗ್ಗೆಗಳಿದ್ದವಂತೆ. ಮುತ್ತು ತೆಗೆಯಲು ಮುಳುಗುವವರು ಹಿಂದೆಲ್ಲ ತೊಗಲಿನ ಚೀಲದಲ್ಲಿ ಅಲ್ಲಿಂದಲೇ ಕುಡಿಯುವ ನೀರು ತುಂಬಿಕೊಂಡು ಬರುತ್ತಿದ್ದರಂತೆ. ಬೀಗರು ಒಪ್ಪಲಿಲ್ಲ. "ಉಪ್ಪುನೀರಾಗ ಸಿಹಿನೀರು ಬೆರೀದಂಗೆ ಹೆಂಗೆ ಇರ್ತೈತ್ರಿ?" ಎಂದು ವಾದಕ್ಕೇ ನಿಂತರು. ನನಗೆ ಗೊತ್ತಿದ್ದರೆ ತಾನೆ ಹೇಳುವುದು. ಆದರೆ ಅಲ್ಲಿ ಸಾವಿರಾರು ವರ್ಷದ ಹಿಂದಿನ ಸಮಾಧಿ ದಿಬ್ಬಗಳು ಸಾಲುಸಾಲಾಗಿ ಇವೆ ಎಂದಾಗ ಮಾತ್ರ ಅವರ ಮುಖ ಅರಳಿತು. "ಸುಡ್ತಿರಲಿಲ್ಲ, ಹೂಳ್ತಿದ್ರು ಅನ್ರಿ. ನಮ್ಮಂಗೇ!" ಎಂದು, ಹಳೆಯ ನೆಂಟರು ಸಿಕ್ಕವರ ಹಾಗೆ ಹಿಗ್ಗಿದರು.

ಆಮೇಲೆ ನಾನು ಆ ದೇಶದ ಪದ್ಧತಿಗಳನ್ನು ಹೇಳಲು ಶುರು ಮಾಡಿದೆನಲ್ಲ, ಅದರ ಬಗ್ಗೆಯೇ ಈ ಕಾಗದ. ಆ ದೇಶದಲ್ಲಿ ಬಾಣಂತಿಯ ಮನೆಗೆ ಹೋದವರು ಮಗುವಿನ ಕಡೆ ತಿರುಗುವ ಮೊದಲು ಬಾಣಂತಿಯ ಕೈ ಹಿಡಿದು "ಉಂಡೆಯೇನವ್ವ" ಎಂದು ಕೇಳಬೇಕು ಎಂದೆ. ಮಗು ಅತ್ತರೆ "ಎತ್ತಿಕೋ, ಹಾಲು ಕುಡಿಸು" ಎಂದು ತಾಯಿಗೆ ಹೇಳುವಂತಿಲ್ಲ, ಹತ್ತಿರ ಇದ್ದವರೇ ಎತ್ತಿಕೊಳ್ಳಬೇಕು ಎಂದೆ. ಬಾಣಂತಿ ಕಿಟಕಿಯ ಹತ್ತಿರ ಸುಮ್ಮನೆ ಕೂತಿದ್ದರೆ ಏನು ಯೋಚನೆ ಎಂದು ಕೇಳಬಾರದು, ಪಕ್ಕದಲ್ಲಿ ಹೋಗಿ ಕೂಡಬೇಕು ಅಷ್ಟೇ ಎಂದೆ. ಅವಳು ನುಂಗುವ ಮಾತ್ರೆ ಯಾತರದು ಎಂದೂ ಕೇಳುವಂತಿಲ್ಲ ಎಂದೆ. "ಅರಬರು ಭಾಳ ಸೂಕ್ಷ್ಮದ ಮಂದಿ ಬಿಡ್ರಿ" ಎಂದು ಬೀಗರು ತಲೆದೂಗಿದರು. ವಾಣಿ ಮಾತ್ರ ಮೊಬೈಲ್ ತೆಗೆದು ಹುಡುಕಿ, "ಹಂಗೇನೂ ಕಾಣ್ಸಲ್ವಲ್ರಿ ಇದ್ರಾಗೆ" ಎಂದಳು. ಹಳೇ ಪದ್ಧತಿ, ಮೊಬೈಲಿನಲ್ಲಿ ಬಂದಿರಲಿಕ್ಕಿಲ್ಲ ಎಂದೆ. ನೀವು ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಿರಿ.

ಕೊಟ್ರಮ್ಮನವರೇ, ಆ ದೇಶದಲ್ಲಿ ಅಂಥ ಪದ್ಧತಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಒಬ್ಬ ಅರಬ ಹೆಂಗಸಿನ ಮನೆಯೊಳಗೂ ನಾನು ಹೋದವಳಲ್ಲ. ಆ ಪದ್ಧತಿಗಳೆಲ್ಲ ಇರುವುದು ನಿಮ್ಮ ಮಗನ ಮನೆಯಲ್ಲಿ. ಮಾಡಿದವಳು ನಾನು. ಮಗಳಿಗೆ ಕೊಟ್ಟ ಮಾತು ಮುರಿಯದೆ ನಿಮಗೆ ವಿಷಯ ಮುಟ್ಟಿಸಲು ಪಾಪ ಅರಬರ ಹೆಸರು ತೆಗೆದುಕೊಂಡೆ.

ಕೃತಿಕಾ ಚೆನ್ನಾಗಿಲ್ಲ. ಫೋನಿನಲ್ಲಿ "ಆರಾಮಿದ್ದಾಳೆ" ಎಂದು ನಾನು ಹೇಳಿದ್ದೆಲ್ಲ ಮೈಯ ಮಟ್ಟಿಗೆ ನಿಜ. ಹೊಲಿಗೆ ಒಣಗಿದೆ, ಸೊಂಟ ಗಟ್ಟಿಯಾಗಿದೆ, ಹಾಲೂ ಇದೆ. ಆದರೆ ಮಗು ಹುಟ್ಟಿದ ಎರಡನೇ ವಾರದಿಂದ ಅವಳು ಅವಳಾಗಿಲ್ಲ. ಅಳುವುದೂ ಇಲ್ಲ, ನಗುವುದೂ ಇಲ್ಲ. ಮಗುವನ್ನು ಕೈಗೆ ಕೊಟ್ಟರೆ ಹಾಲು ಕುಡಿಸುತ್ತಾಳೆ, ಕುಡಿಸಿ ಯಾರದೋ ಸಾಮಾನು ಹಿಂತಿರುಗಿಸುವಂತೆ ನನ್ನ ಮಡಿಲಿಗೆ ಹಾಕುತ್ತಾಳೆ. ತಾನೇ ನರ್ಸು, ಎಷ್ಟೋ ಬಾಣಂತಿಯರನ್ನು ನೋಡಿಕೊಂಡವಳು. ನಾನು ಮೊದಲು ಸುಸ್ತು ಎಂದುಕೊಂಡೆ. ಆಮೇಲೆ ದೃಷ್ಟಿ ಎಂದುಕೊಂಡು ಉಪ್ಪು ಮೆಣಸಿನಕಾಯಿ ನಿವಾಳಿಸಿದೆ. ಅದನ್ನು ಒಲೆಗೆ ಹಾಕಿದ್ದಕ್ಕೆ ಹೊಗೆಯ ಅಲಾರಂ ಹೊಡೆದುಕೊಂಡು ಇಡೀ ಬಿಲ್ಡಿಂಗಿನ ಜನ ಕೆಳಗಿಳಿದರು. ಅಷ್ಟು ಗದ್ದಲದಲ್ಲೂ ಅವಳು ಕಿಟಕಿ ಬಿಟ್ಟು ಏಳಲಿಲ್ಲ.

ಅಕ್ಟೋಬರ್ ಕೊನೆಗೆ ಬಿಸಿಲು ಇಳಿದ ಮೇಲೆ ಒಂದು ಶುಕ್ರವಾರ ಅಳಿಯಂದಿರು ನಮ್ಮನ್ನು ಮರಳುಗಾಡಿನ ಒಂಟಿ ಮರ ತೋರಿಸಲು ಕರೆದುಕೊಂಡು ಹೋದರು. ಹೋದವರೆಲ್ಲ ನೋಡುವ ಜಾಗವದು. ಸುತ್ತ ಎತ್ತ ನೋಡಿದರೂ ಮರಳು, ನಡುವೆ ನೂರಾರು ವರ್ಷದ ಒಂದೇ ಒಂದು ಮರ, ನೀರು ಎಲ್ಲಿಂದ ಬರುತ್ತದೋ ಯಾರಿಗೂ ಸರಿಯಾಗಿ ತಿಳಿಯದಂತೆ. ಹತ್ತಿರ ಹೋಗಿ ಎಲೆ ನೋಡಿದರೆ ನಮ್ಮ ಬನ್ನಿ! ನನ್ನ ಜೀವಕ್ಕೆ ಎಷ್ಟು ಸಂತೋಷವಾಯಿತೆಂದರೆ, ದಸರಾ ಮುಗಿದು ತಿಂಗಳಾಗುತ್ತ ಬಂದಿತ್ತೆಂಬುದನ್ನೂ ಮರೆತು, ಕೆಳಗೆ ಉದುರಿದ ಎಲೆ ಆರಿಸಿ ಅಳಿಯಂದಿರಿಗೆ ಕೊಟ್ಟೆ, ಪಕ್ಕದಲ್ಲಿ ಫೋಟೋ ತೆಗೆಯುತ್ತಿದ್ದ ಯಾರೋ ಬಿಳಿಯ ದಂಪತಿಗೂ ಕೊಟ್ಟೆ. ಕೃತಿಕಾಳ ಕೈಯಲ್ಲೂ ಇಟ್ಟು ಬಂಗಾರದ ಹಾಗೆ ಇರವ್ವ ಎಂದೆ. ಅದೇ ಹೊತ್ತಿಗೆ ಕಾರಿನಲ್ಲಿ ಮಗು ಎದ್ದು ಅಳತೊಡಗಿತು. ಕೃತಿಕಾ ಎಲೆ ಹಿಡಿದುಕೊಂಡೇ ಆ ಕಡೆ ನೋಡಿ, "ಅಮ್ಮಾ, ಯಾರ್ದೋ ಮಗು ಅಳ್ತೈತೆ" ಎಂದಳು.

ನಾನೇ ಓಡಿಹೋಗಿ ಮಗುವನ್ನು ಎತ್ತಿಕೊಂಡೆ. ಬಾಣಂತಿ ಸನ್ನಿ ಎಂಬ ಮಾತನ್ನು ನಾವು ಚಿಕ್ಕವರಿದ್ದಾಗ ಕೇಳಿದ್ದೇವೆ, ಅಂಥವರನ್ನು ಏನು ಮಾಡುತ್ತಿದ್ದರೆಂದೂ ಕೇಳಿದ್ದೇವೆ. ಆ ಮಾತನ್ನು ಬಾಯಿಗೆ ತರಲೂ ನನಗೆ ಧೈರ್ಯವಾಗಲಿಲ್ಲ. ಕೆಳಗಿನ ಮನೆಯಲ್ಲಿ ನಮ್ಮ ದಾವಣಗೆರೆಯವಳೇ ಫಕ್ರುನ್ನೀಸಾ ಎಂಬ ಹೆಣ್ಣುಮಗಳು ಇದ್ದಾಳೆ. ಅವಳ ಮುಂದೆ ಅತ್ತುಬಿಟ್ಟೆ. "ಫಿಕರ್ ಮಾಡಬ್ಯಾಡ್ರಿ ಅಕ್ಕಾ, ಇದು ಕಾಯ್ಲೆ, ಇದ್ಕೆ ಡಾಕ್ಟರ್ ಅದಾರೆ" ಎಂದು ಮಾರನೆಯ ದಿನವೇ ಕರೆದುಕೊಂಡು ಹೋದಳು. ಮಲಯಾಳಿ ಡಾಕ್ಟರಮ್ಮ. ಇದು ಸನ್ನಿಯಲ್ಲ, ಹೆರಿಗೆಯಾದ ಎಷ್ಟೋ ತಾಯಂದಿರಿಗೆ ಬರುತ್ತದೆ, ವಾಸಿಯಾಗುತ್ತದೆ, ಮಾತ್ರೆ ತಪ್ಪಿಸಬೇಡಿ, ಅವಳೊಬ್ಬಳನ್ನೇ ಬಿಡಬೇಡಿ, ಬೈಯಬೇಡಿ ಎಂದರು. ನಾನು ಊರಿಗೆ ವಾಪಸ್ ಬಂದಾಗಿನಿಂದ ಹಗಲೆಲ್ಲ ಫಕ್ರುನ್ನೀಸಾ ಮೇಲೆ ಬಂದು ಜೊತೆಗೆ ಇರುತ್ತಾಳೆ. ನೀವು ಹೋಗುವ ತನಕ ಅವಳೇ ಆಸರೆ.

ಇಷ್ಟೇ ಆಗಿದ್ದರೆ ನಾನು ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆನೇನೋ. ಆದರೆ ಮಗುವಿನ ಪಾಸ್‌ಪೋರ್ಟ್ ಬಂದ ದಿನ ಕೃತಿಕಾ ಅದನ್ನು ನನ್ನ ಚೀಲದ ಮೇಲೆ ಇಟ್ಟು, "ಹೋಗೋವಾಗ ಪಾಪುನ ಕರ್ಕೊಂಡು ಹೋಗಮ್ಮ. ನನ್ನತ್ರ ಬ್ಯಾಡ" ಎಂದಳು. ಸಿಟ್ಟಿಲ್ಲ, ದುಃಖವಿಲ್ಲ, ಮೊಸರು ಒಳಗಿಡು ಎಂದ ಹಾಗೆ. ನಾನು ಆಗಲ್ಲವೆಂದೆ. "ಹಂಗಾದ್ರೆ ಅತ್ತೆ ಬಂದೋರು ಕರ್ಕೊಂಡು ಹೋಗ್ಲಿ" ಎಂದಳು. ಅಳಿಯಂದಿರಿಗೂ ಅದೇ ಸರಿ ಕಂಡಿದೆ. ಅವರೂ ನಿದ್ದೆಗೆಟ್ಟು ಸೋತಿದ್ದಾರೆ, ಅವರನ್ನು ಬೈಯಲಾರೆ. "ನಾನೂ ಎಂಟು ತಿಂಗ್ಳು ಬಾತಿಯಾಗೆ ಅಜ್ಜಿ ಹತ್ರನೇ ಬೆಳೆದೋನು, ಏನಾಗೈತೆ ನಂಗೆ?" ಎಂದರು. ಆ ಮಾತಿಗೆ ಕೃತಿಕಾ ತಲೆಯೆತ್ತಿ ಗಂಡನನ್ನೇ ನೋಡಿದಳು, ಬಹಳ ಹೊತ್ತು. ಏನು ಯೋಚಿಸಿದಳೋ ನನಗೆ ತಿಳಿಯಲಿಲ್ಲ.

ಮೊನ್ನೆ ನಿಮ್ಮ ಮನೆಯಲ್ಲಿ ಬೀಗರೂ ಅದನ್ನೇ ಹೇಳಿದರು. ಮಕ್ಕಳು ಎಲ್ಲಿ ಬೆಳೆದರೇನ್ರಿ, ನಿಮ್ಮ ಅಳಿಯ ಕಿರಣ ಕೂಡ್ರೋದು ಕಲಿಯೋತನಕ ಬಾತಿಯಾಗೇ ಇದ್ದ ಎಂದರು. ನೀವು "ಹಾಲು ಉಕ್ತೈತೆ" ಎಂದು ಎದ್ದು ಒಳಗೆ ಹೋದಿರಿ. ನಿಮಗೆ ಆಗ ಹೊಲಮನೆಯ ಕೆಲಸವಿತ್ತೋ, ತೋಟದಲ್ಲಿ ಆಳುಗಳಿರಲಿಲ್ಲವೋ, ಕೇಳಬೇಕೆಂದುಕೊಂಡೆ. ನಾನು ಕೈ ತೊಳೆಯಲು ಒಳಗೆ ಬಂದಾಗ ನೀವು ಆರಿದ ಒಲೆಯ ಮುಂದೆ ನಿಂತಿದ್ದಿರಿ. ಬೇರೆ ಏನೋ ಮಾತು ಬಂತು, ಕೇಳುವುದು ಮರೆತೆ.

ಈಗ ನಿಮ್ಮನ್ನು ಏನು ಬೇಡಿಕೊಳ್ಳಬೇಕೆಂದೇ ನನಗೆ ಸರಿಯಾಗಿ ತಿಳಿಯುತ್ತಿಲ್ಲ. ಮಗುವನ್ನು ಕರೆದುಕೊಂಡು ಬರಬೇಡಿ ಎಂದು ಬರೆಯಲು ಕೂತೆ. ಬರೆಯುವಾಗ ಇನ್ನೊಂದು ಮನಸ್ಸು ಕೇಳುತ್ತಿದೆ, ಕರೆತಂದರೆ ಏನು ತಪ್ಪು? ಇಲ್ಲಿ ಎಣ್ಣೆ ನೀರು, ಎತ್ತಿಕೊಳ್ಳಲು ಹತ್ತು ಕೈ. ಹರಿಹರದಲ್ಲಿ ನೀವು, ದಾವಣಗೆರೆಯಲ್ಲಿ ನಾನು. ಅವಳೂ ನಿದ್ದೆ ಮಾಡಿ ಚೇತರಿಸಿಕೊಂಡಾಳು. ಮತ್ತೆ ಅನ್ನಿಸುತ್ತದೆ, ಒಂದು ಸಲ ಮಡಿಲು ಖಾಲಿಯಾದರೆ ಆಮೇಲೆ ಯಾವ ಧೈರ್ಯದಿಂದ ಅವಳು ಮಗುವನ್ನು ವಾಪಸ್ ಕೇಳುತ್ತಾಳೆ? ಮಗುವಾದರೂ ಯಾವ ಗುರುತಿನ ಮೇಲೆ ಹೋಗುತ್ತದೆ? ಹೊರಡುವ ದಿನ ನಾನು ಮಗುವಿಗೆ ಕುಲಾವಿ ಕಟ್ಟುತ್ತಿದ್ದೆ. ಗಂಟು ಬಿಗಿಯಾಯಿತೆಂದು ಕೃತಿಕಾ ತಾನಾಗಿ ಬಂದು ಸಡಿಲ ಮಾಡಿ ಕಟ್ಟಿದಳು. ಅಷ್ಟೇ. ಅದನ್ನೇ ದೊಡ್ಡದು ಮಾಡಿಕೊಂಡು ವಿಮಾನದ ತುಂಬ ಅತ್ತುಕೊಂಡು ಬಂದಿದ್ದೇನೆ. ನನ್ನ ತಲೆ ಕೆಟ್ಟಿದೆ, ಕೊಟ್ರಮ್ಮನವರೇ. ನಮ್ಮ ಮನೆಯವರಿಗೂ ಪೂರ್ತಿ ಹೇಳಿಲ್ಲ. ಅವಳು ಕೇಳಿದ ಕೂಡಲೇ ಹೂಂ ಎನ್ನಬೇಡಿ, ಆಗಲ್ಲವೆಂದು ಗದರಲೂ ಬೇಡಿ. ನಡುವೆ ಏನಾದರೂ ದಾರಿ ಇದ್ದರೆ ಅದು ನಿಮಗೆ ಹೊಳೆಯಲಿ. ನನಗೆ ಹೊಳೆಯಲಿಲ್ಲ.

ಮಗಳು ಕೆಟ್ಟವಳಲ್ಲ. ಸೊಸೆಯ ಮೇಲೆ ಸಿಟ್ಟು ಬಂದರೆ ನನಗೆ ಫೋನು ಮಾಡಿ ನನ್ನನ್ನು ಬೈಯಿರಿ, ಸ್ಪೀಕರ್ ಹಾಕಿಯೇ ಬೈಯಿರಿ.

ಪ್ರಯಾಣದ ಮಾತು ಎರಡು ಉಳಿದಿವೆ. ವಿಮಾನ ನಿಲ್ದಾಣದಲ್ಲಿ ಕೊರಳಿನ ಲಿಂಗದ ಕರಡಿಗೆಯನ್ನು ಕಂಡು ಇದೇನೆಂದು ಕೇಳುತ್ತಾರೆ. ಗಾಬರಿಯಾಗಬೇಡಿ, ದೇವರು ಎಂದು ಕೈಮುಗಿದು ತೋರಿಸಿ, ಬಿಡುತ್ತಾರೆ. ಇನ್ನೊಂದು ಅಂಟಿನ ಉಂಡೆಯದು. ಮಂಗಳವಾರ ನಿಮ್ಮ ಒಲೆಯ ಕಟ್ಟೆಯ ಮೇಲೆ ಗಸಗಸೆ ಆರಿಸಿಟ್ಟಿದ್ದನ್ನು ನೋಡಿದೆ. ದಯವಿಟ್ಟು ಹಾಕಬೇಡಿ. ಗಸಗಸೆ ಅಫೀಮಿನ ಕುಲದ್ದೆಂದು ಆ ಕಡೆಯ ದೇಶಗಳಲ್ಲಿ ಹಿಡಿಯುತ್ತಾರಂತೆ. ಆಗಸ್ಟಿನಲ್ಲಿ ನೀವು ಕೊಟ್ಟು ಕಳಿಸಿದ ಉಂಡೆಗಳನ್ನು ಕೃತಿಕಾ ಚಪ್ಪರಿಸಿ ತಿಂದಳೆಂದು ಹೇಳಿದ್ದೆನಲ್ಲ, ಚಪ್ಪರಿಸಿ ತಿಂದವರು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಕಸ ಗುಡಿಸುವ ಹೆಂಗಸರು. ಸಾಲಿನಲ್ಲಿ ಮುಂದೆ ನಿಂತಿದ್ದ ಹೆಂಗಸು ಎಚ್ಚರಿಸದಿದ್ದರೆ ನಿಮ್ಮ ಬೀಗಿತ್ತಿ ಈಗ ಎಲ್ಲಿರುತ್ತಿದ್ದಳೋ. ಉಂಡೆಗಳನ್ನು ಅಲ್ಲೇ ಹಂಚಿ, ಖಾಲಿ ಡಬ್ಬಿ ಹೊತ್ತುಕೊಂಡು ಹೋಗಿ, ಖಾಲಿ ಡಬ್ಬಿಯನ್ನೇ ಹೊತ್ತುಕೊಂಡು ಬಂದೆ. ಇದು ಅದೇ ಡಬ್ಬಿ. ಉಂಡೆ ಚೆನ್ನಾಗಿದ್ದವೆಂದು ಆ ಹೆಂಗಸರು ಹೇಳಿದ್ದು ಮಾತ್ರ ನಿಜ.

ಓದಿದ ಮೇಲೆ ಕಾಗದವನ್ನು ಒಲೆಗೆ ಹಾಕಿ. ನಿಮ್ಮ ಮನೆಯಲ್ಲಿ ಅಲಾರಂ ಇಲ್ಲ.

ಇಂತಿ, ನಿಮ್ಮ ಮೇಲೆಯೇ ಭಾರ ಹಾಕಿರುವ,
ಬೀಗಿತ್ತಿ ಅನ್ನಪೂರ್ಣಮ್ಮ

ತಾ.ಕ.: ಕಾಗದ ಮಡಚಿ ಕವರಿಗೆ ಹಾಕುವಷ್ಟರಲ್ಲಿ ಕೃತಿಕಾಳ ಫೋನು ಬಂತು. ಹೆರಿಗೆಯಾದ ಮೇಲೆ ಅವಳು ತಾನಾಗಿ ಯಾರಿಗೂ ಫೋನು ಮಾಡಿದವಳಲ್ಲ. ಏನು ಮಾಡುತ್ತಿದ್ದೀ ಎಂದಳು. ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ನಿಮ್ಮತ್ತೆಗೆ ಎಲ್ಲ ಬರೆಯುತ್ತಿದ್ದೇನೆ, ಮಾತಿಗೆ ತಪ್ಪಿದೆ ಎಂದೆ. ಬೈಯಲಿಲ್ಲ. ಹಾಗಾದರೆ ನಾನು ಕೇಳಿದೆನೆಂದು ಅತ್ತೆಗೆ ಒಂದು ಮಾತು ಬರಿ ಎಂದಳು. ಅವಳು ಹೇಳಿದ ಹಾಗೇ ಬರೆದಿದ್ದೇನೆ: "ಇವರನ್ನ ಬಾತಿಗೆ ಯಾಕ ಕಳಿಸಿದ್ರಿ ಅಂತ ಕೇಳಲ್ಲ ಅತ್ತೆ. ಎಂಟು ತಿಂಗ್ಳಾದ ಮೇಲೆ ವಾಪಸ್ ಎತ್ತಿಕೊಂಡ್ರಲ್ಲ, ಆವಾಗ ಇವರು ಅತ್ತರಾ?"

ಇದನ್ನು ಬರೆಯುವಾಗ, ಮಂಗಳವಾರ ನೀವು ಹಾಲು ಉಕ್ಕುತ್ತದೆಂದು ಎದ್ದು ಹೋದಾಗ ನಿಮ್ಮ ಒಲೆಯ ಮೇಲೆ ಹಾಲಿನ ಪಾತ್ರೆಯೇ ಇರಲಿಲ್ಲವೆಂಬುದು ನೆನಪಾಯಿತು. ಕೊಟ್ರಮ್ಮನವರೇ, ಆಗ ನಿಮಗೂ ಹೀಗೇ ಆಗಿತ್ತೇ? ಉತ್ತರ ನನಗೆ ಬೇಡ. ಹೋಗಿ ಅವಳಿಗೇ ಹೇಳಿ.